ಹೋಲ್ ಸಾ ಬಳಸುವಾಗ ಪ್ಲೈವುಡ್ ಚಕ್ಕೆ ಏಳದಿರಲು

ಕಂಪ್ಯೂಟರ್ ಟೇಬಲ್‌ಗೆ ವೈರ್ ಹೋಗಲು 60 ಮಿ.ಮೀ. ತೂತು ಬೇಕಿತ್ತು. ಮೊದಲ ಸಲ ಹೋಲ್ ಸಾ (ಡ್ರಿಲ್‌ಗೆ ಹಾಕುವ, ಅಂಚಿನಲ್ಲಿ ಹಲ್ಲಿರುವ ಬಟ್ಟಲಿನಂಥ ಗರಗಸ; ನಡುವೆ ಒಂದು ಚಿಕ್ಕ ಡ್ರಿಲ್ ಬಿಟ್ ಇರುತ್ತದೆ) ಹಾಕಿ ಒಂದೇ ಕಡೆಯಿಂದ ಪೂರ್ತಿ ಕೊರೆದುಬಿಟ್ಟೆ. ಕೆಳಗಡೆ ಮೈಕಾ ಅಂಚೆಲ್ಲ ಚಕ್ಕೆ ಎದ್ದು ಹೋಯಿತು. ತುಂಬಾ ಬೇಜಾರಾಯಿತು.

ಈಗ ಹೀಗೆ ಮಾಡುತ್ತೇನೆ. ನಡುವಿನ ಬಿಟ್‌ನ ತುದಿ ಆಚೆ ಕಡೆ ಇಣುಕಿದ ತಕ್ಷಣ ನಿಲ್ಲಿಸಿ. ಹಲಗೆ ಮಗುಚಿ, ಅದೇ ಚಿಕ್ಕ ತೂತಿಗೆ ಬಿಟ್ ಕೂರಿಸಿ, ಉಳಿದದ್ದನ್ನು ಆ ಕಡೆಯಿಂದ ಕೊರೆಯಿರಿ. ಎರಡೂ ಅಂಚು ನೀಟಾಗಿ ಬರುತ್ತವೆ.

ಸ್ಪೀಡ್ ಕಡಿಮೆ ಇರಲಿ, ಜಾಸ್ತಿ ಒತ್ತಬೇಡಿ. ಆಗಾಗ ಮೇಲೆತ್ತಿ ಪುಡಿ ತೆಗೆಯಿರಿ. ಪುಡಿ ತುಂಬಿಕೊಂಡರೆ ಹಲ್ಲು ಕಾದು ಮರ ಕಪ್ಪಾಗುತ್ತದೆ, ಸುಟ್ಟ ವಾಸನೆ ಬರುತ್ತದೆ. ಹಲಗೆಯನ್ನು ಕ್ಲ್ಯಾಂಪ್ ಹಾಕಿ ಬಿಗಿಯಿರಿ, ಕೈಯಲ್ಲಿ ಹಿಡಿಯಲೇಬೇಡಿ. ಸಾ ಸಿಕ್ಕಿಕೊಂಡರೆ ಡ್ರಿಲ್ ಮಣಿಕಟ್ಟನ್ನೇ ತಿರುಚಿಬಿಡುತ್ತದೆ.