ಪಚ್ಚಿಲೆ ಸಾಕುವವರು ವರ್ಷವಿಡೀ ವಿಷದ ಮೇಲೆ ಕಣ್ಣಿಡುವುದು ಹೇಗೆ

ಹಗ್ಗದಲ್ಲಿ ಪಚ್ಚಿಲೆ (ಮಸೆಲ್ ಎಂಬ ಸಮುದ್ರದ ಚಿಪ್ಪುಜೀವಿ) ಬೆಳೆಸಲು ಹೊರಟವರು ನನ್ನನ್ನು ಮೊದಲು ಕೇಳುವುದು ಒಂದೇ: ‘ವಿಷ ಬರುವ ತಿಂಗಳು ಯಾವುದು ಹೇಳಿ, ಆಗ ಕೊಯ್ಲು ನಿಲ್ಲಿಸುತ್ತೇವೆ.’ ಅಂಥ ಪಟ್ಟಿ ನಾನು ಯಾರಿಗೂ ಕೊಡುವುದಿಲ್ಲ. ಋತು ನೋಡಿ ಪರೀಕ್ಷೆ ಹೆಚ್ಚಿಸಿ, ಆದರೆ ಋತು ನೋಡಿ ಪರೀಕ್ಷೆ ಬಿಡಬೇಡಿ. ಈ ಕೆಲಸದಲ್ಲಿ ನಾನು ಹಟ ಹಿಡಿಯುವುದು ಇದೊಂದಕ್ಕೇ.

1987ರ ಕೊನೆಯಲ್ಲಿ ಕೆನಡಾದ ಪ್ರಿನ್ಸ್ ಎಡ್ವರ್ಡ್ ದ್ವೀಪದ ಪಚ್ಚಿಲೆ ತಿಂದು ನೂರಕ್ಕೂ ಜಾಸ್ತಿ ಜನ ಕಾಯಿಲೆ ಬಿದ್ದರು. ಕೆಲವರು ಸತ್ತರು, ಕೆಲವರ ನೆನಪಿನ ಶಕ್ತಿಯೇ ಹೋಯಿತು. ಆಗ ಅಲ್ಲಿ ಬೇಸಿಗೆಯಲ್ಲ, ಚಳಿ ಕಾಲಿಡುತ್ತಿತ್ತು. ಕಾರಣ ಡೊಮೊಯಿಕ್ ಆಸಿಡ್. ಅದನ್ನು ತಯಾರಿಸಿದ್ದು ಸ್ಯೂಡೋ-ನಿಟ್ಷಿಯಾ ಎಂಬ ಸೂಕ್ಷ್ಮ ಪಾಚಿ. ಚಳಿಗಾಲ ಅಂದರೆ ನಿಶ್ಚಿಂತೆ ಅಂದುಕೊಳ್ಳುವವರಿಗೆ ನಾನು ಹೇಳುವ ಉತ್ತರ ಇದೇ.

ವಿಷ ಪಚ್ಚಿಲೆಯದ್ದಲ್ಲ, ಅದು ಸೋಸಿ ತಿನ್ನುವ ಪಾಚಿಯದ್ದು. ಹಾಗಾಗಿ ಋತು ಬದಲಾದಾಗ ನೀರಿನಲ್ಲಿ ಏನಾಗುತ್ತದೆ ಅನ್ನುವುದು ಗೊತ್ತಿರಬೇಕು. ಅಲೆಕ್ಸಾಂಡ್ರಿಯಂ ಗುಂಪಿನ ಪಾಚಿ ತಳದ ಕೆಸರಲ್ಲಿ ಸಿಸ್ಟ್, ಅಂದರೆ ಗಟ್ಟಿ ಕವಚದ ನಿದ್ದೆಯ ಕೋಶ ಆಗಿ ತಿಂಗಳುಗಟ್ಟಲೆ ಮಲಗಿರುತ್ತದೆ. ತಂಪು ಪ್ರದೇಶಗಳಲ್ಲಿ ವಸಂತದ ಹೊತ್ತಿಗೆ ನೀರು ಬೆಚ್ಚಗಾದಂತೆ ಎದ್ದು, ಸ್ಯಾಕ್ಸಿಟಾಕ್ಸಿನ್ ಎಂಬ ನರಗಳ ವಿಷ ತರುತ್ತದೆ. ಮೇಲಿನ ಬಿಸಿನೀರು ಕೆಳಗಿನ ತಣ್ಣೀರಿನ ಜೊತೆ ಬೆರೆಯದೆ ಪದರವಾಗಿ ನಿಲ್ಲುವ ಬೇಸಿಗೆ ಮತ್ತು ಅದರ ನಂತರದ ದಿನಗಳು ಡೈನೋಫೈಸಿಸ್ ಎಂಬ ಪಾಚಿಗೆ ಇಷ್ಟ. ಅದು ತರುವ ಒಕಡಾಯಿಕ್ ಆಸಿಡ್ ಭೇದಿ ಹಿಡಿಸುತ್ತದೆ. ಸ್ಯೂಡೋ-ನಿಟ್ಷಿಯಾಕ್ಕೆ ಆಳದ ಪೋಷಕಾಂಶ ಮೇಲೆ ಬರುವ ಹೊತ್ತು ಬೇಕು. ಉಷ್ಣವಲಯದ ಲೆಕ್ಕವೇ ಬೇರೆ. ಫಿಲಿಪ್ಪೀನ್ಸ್‌ನಲ್ಲಿ 1983ರಿಂದ ಕಾಡುತ್ತಿರುವುದು ಪೈರೋಡಿನಿಯಂ ಎಂಬ ಬೇರೊಂದು ಪಾಚಿ. ಒಂದು ಕೊಲ್ಲಿಯ ಕ್ಯಾಲೆಂಡರ್ ಇನ್ನೊಂದಕ್ಕೆ ಹೊಂದುವುದಿಲ್ಲ, ಅಲ್ವಾ?

ನೀರಿನ ಬಣ್ಣ ನೋಡಿ ತೀರ್ಮಾನಿಸುವ ಅಭ್ಯಾಸವನ್ನೂ ಬಿಡಿ. ನೀರು ಕೆಂಪಾದರೂ ವಿಷ ಇಲ್ಲದಿರಬಹುದು. ಡೈನೋಫೈಸಿಸ್ ಲೀಟರಿಗೆ ಕೆಲವು ನೂರು ಕೋಶ ಇದ್ದರೆ ಸಾಕು, ಪಚ್ಚಿಲೆ ಮಾಂಸದಲ್ಲಿನ ವಿಷ ಮಿತಿ ದಾಟಬಹುದು. ಅಷ್ಟಕ್ಕೆ ನೀರಿನ ಬಣ್ಣ ಒಂಚೂರೂ ಬದಲಾಗುವುದಿಲ್ಲ.

ಈಗ ಮಾದರಿ ತೆಗೆಯುವ ವಿಷಯ. ಸುಮ್ನೆ ದೋಣಿಯಿಂದ ಬಗ್ಗಿ ಒಂದು ಬಾಟಲಿ ಮೇಲ್ನೀರು ತುಂಬಿಕೊಂಡರೆ ಆಗದು. ಡೈನೋಫೈಸಿಸ್ ಎಷ್ಟೋ ಸಲ ಕೆಲವು ಮೀಟರ್ ಕೆಳಗೆ ತೆಳು ಪದರದಲ್ಲಿ ಸೇರಿರುತ್ತದೆ. ನಿಮ್ಮ ಹಗ್ಗದಷ್ಟೇ ಉದ್ದದ ಪೈಪಿನ ತುದಿಗೆ ಭಾರ ಕಟ್ಟಿ, ನೇರವಾಗಿ ನಿಧಾನಕ್ಕೆ ಇಳಿಸಿ. ಮೇಲಿನ ಬಾಯಿ ಮುಚ್ಚಿ. ಕೆಳತುದಿಗೆ ಕಟ್ಟಿದ ದಾರದಿಂದ ಪೈಪನ್ನು ಎಳೆದು, ಒಳಗಿನ ನೀರನ್ನೆಲ್ಲ ಬಕೆಟ್ಟಿಗೆ ಸುರಿದು ಕಲಸಿ. ಅದರಿಂದ ಬಾಟಲಿ ತುಂಬಿಸಿ, ತಿಳಿ ಕಂದು ಬಣ್ಣ ಬರುವವರೆಗೆ ಲುಗೋಲ್ ಅಯೋಡಿನ್ (ಕೋಶ ಕೆಡದಂತೆ ಕಾಯುವ ದ್ರಾವಣ) ಹನಿಸಿ. ಜಾಗ, ಆಳ, ಗಂಟೆ, ನೀರಿನ ಉಷ್ಣತೆಯನ್ನು ಅಲ್ಲೇ ಬಾಟಲಿ ಮೇಲೆ ಬರೆಯಿರಿ. ದಡಕ್ಕೆ ಬಂದು ಬರೆದದ್ದನ್ನು ನಾನು ನಂಬುವುದಿಲ್ಲ.

ಸಾಧ್ಯವಾದರೆ ಮೈಕ್ರೋಸ್ಕೋಪ್ ನೋಡಲು ಕಲಿಯಿರಿ. ಡೈನೋಫೈಸಿಸ್ ಕಂಠವಿರುವ ಪುಟ್ಟ ಚೊಂಬಿನ ಹಾಗೆ ಕಾಣುತ್ತದೆ, ಒಮ್ಮೆ ಕಂಡರೆ ಮರೆಯುವುದಿಲ್ಲ. ಸ್ಯೂಡೋ-ನಿಟ್ಷಿಯಾದ ಉದ್ದನೆ ಕೋಶಗಳು ತುದಿಯ ಮೇಲೆ ತುದಿ ಬರುವಂತೆ ಸೇರಿ ಸರಪಳಿ ಕಟ್ಟಿರುತ್ತವೆ. ಆದರೆ ಅದರಲ್ಲಿ ವಿಷ ಮಾಡುವ ಜಾತಿ ಯಾವುದು, ಮಾಡದ ಜಾತಿ ಯಾವುದು ಎಂದು ಸಾಮಾನ್ಯ ಮೈಕ್ರೋಸ್ಕೋಪಿನಲ್ಲಿ ಬಿಡಿಸಿ ಹೇಳಲಾಗದು. ನೀರಿನ ಎಣಿಕೆ ಎಚ್ಚರಿಕೆ ಮಾತ್ರ, ತೀರ್ಪು ಕೊಡುವುದು ಮಾಂಸದ ಪರೀಕ್ಷೆ.

ಮಾಂಸಕ್ಕೆ ಹಗ್ಗದ ಮೇಲು, ನಡು, ಕೆಳಗು ಮೂರೂ ಕಡೆಯಿಂದ ಆರಿಸಿ. ಕೈಗೆ ಸಿಕ್ಕಿದ ಮೇಲಿನವಷ್ಟೇ ಸಾಲದು. ಪ್ರಯೋಗಾಲಯ ಕೇಳುವಷ್ಟು ಮಾಂಸ ಸಿಗುವಂತೆ ತೆಗೆದು, ತಣ್ಣಗಿಟ್ಟು ಬೇಗ ಕಳಿಸಿ. ಕೋಡೆಕ್ಸ್ ಎಂಬ ಅಂತರರಾಷ್ಟ್ರೀಯ ಆಹಾರ ಮಾನದಂಡದಲ್ಲಿ ಒಂದು ಕಿಲೋ ಮಾಂಸಕ್ಕೆ ಮಿತಿ ಹೀಗಿದೆ: ಸ್ಯಾಕ್ಸಿಟಾಕ್ಸಿನ್ 0.8 ಮಿಲಿಗ್ರಾಂ, ಒಕಡಾಯಿಕ್ ಆಸಿಡ್ 0.16 ಮಿಲಿಗ್ರಾಂ, ಡೊಮೊಯಿಕ್ ಆಸಿಡ್ 20 ಮಿಲಿಗ್ರಾಂ. ಫಲಿತಾಂಶ ಮಿತಿಯೊಳಗಿದೆ ಎಂದು ಕಡತ ಮುಚ್ಚಬೇಡಿ. ಹೋದ ವಾರಕ್ಕಿಂತ ದುಪ್ಪಟ್ಟಾಗಿದ್ದರೆ, ಮಿತಿ ಇನ್ನೂ ದೂರವಿದ್ದರೂ ನಾನು ಕೊಯ್ಲು ನಿಲ್ಲಿಸಿ ಮತ್ತೊಂದು ಮಾದರಿ ಕಳಿಸುತ್ತೇನೆ. ಮಾದರಿ ತೆಗೆದು ವರದಿ ಬರುವ ನಡುವೆಯೂ ಪಚ್ಚಿಲೆ ತಿನ್ನುತ್ತಲೇ ಇರುತ್ತದೆ.

ಪಾಚಿ ಹೋದ ಮೇಲೆ ಕಾಯುವುದೇ ಕಷ್ಟದ ಭಾಗ. ನೀರು ಶುದ್ಧವಾಯಿತು ಅಂದ ಮಾತ್ರಕ್ಕೆ ಮಾಂಸ ಶುದ್ಧವಾಗುವುದಿಲ್ಲ. ಪಚ್ಚಿಲೆ ಡೊಮೊಯಿಕ್ ಆಸಿಡ್ ಅನ್ನು ಬೇಗ ಬಿಡುತ್ತದೆ, ಉಳಿದ ವಿಷಗಳಿಗೆ ವಾರಗಳೇ ಬೇಕಾಗಬಹುದು. ತಣ್ಣೀರಲ್ಲಿ, ಮೇವು ಕಡಿಮೆ ಇದ್ದಾಗ ಇನ್ನೂ ನಿಧಾನ. ಸ್ಕ್ಯಾಲಪ್ ಎಂಬ ಚಿಪ್ಪುಜೀವಿಯ ಕೆಲವು ಜಾತಿಗಳಲ್ಲಿ ಡೊಮೊಯಿಕ್ ಆಸಿಡ್ ತಿಂಗಳುಗಟ್ಟಲೆ ಉಳಿಯುತ್ತದೆ. ಬಟರ್ ಕ್ಲ್ಯಾಮ್ ಎಂಬ ಕಪ್ಪೆಚಿಪ್ಪಿನಲ್ಲಿ ಸ್ಯಾಕ್ಸಿಟಾಕ್ಸಿನ್ ವರ್ಷ ದಾಟಿಯೂ ಇರಬಲ್ಲದು. ಒಂದೇ ಕೊಲ್ಲಿಯಲ್ಲಿ ಎರಡು ಜಾತಿ ಸಾಕುತ್ತಿದ್ದರೆ ಪಚ್ಚಿಲೆಯ ವರದಿ ತೋರಿಸಿ ಇನ್ನೊಂದನ್ನು ಮಾರಬೇಡಿ. ಯುರೋಪಿಯನ್ ಒಕ್ಕೂಟದಲ್ಲಿ ಮುಚ್ಚಿದ ಜಾಗ ಮತ್ತೆ ತೆರೆಯಲು ಕನಿಷ್ಠ 48 ಗಂಟೆ ಅಂತರದ ಎರಡು ಫಲಿತಾಂಶ ಸಾಲಾಗಿ ಮಿತಿಯೊಳಗೆ ಬರಬೇಕು. ನಿಮ್ಮಲ್ಲಿ ನಿಯಮ ಇಷ್ಟು ಬಿಗಿ ಇಲ್ಲದಿದ್ದರೂ ಇದನ್ನೇ ಪಾಲಿಸಿ.

ಬ್ಯಾಕ್ಟೀರಿಯಾ ತೆಗೆಯಲು ಶುದ್ಧ ನೀರಿನ ತೊಟ್ಟಿಯಲ್ಲಿ ಒಂದೆರಡು ದಿನ ಇಡುತ್ತೇವಲ್ಲ, ಈ ವಿಷಗಳಿಗೆ ಅದನ್ನು ನೆಚ್ಚಬೇಡಿ. ಬೇಯಿಸಿದರೂ, ಫ್ರೀಜ್ ಮಾಡಿದರೂ ಹೋಗುವುದಿಲ್ಲ. ಬೇಯುವಾಗ ಮಾಂಸ ನೀರು ಬಿಟ್ಟು ಕುಗ್ಗುತ್ತದೆ, ಆಗ ಒಕಡಾಯಿಕ್ ಆಸಿಡ್‌ನ ಪ್ರಮಾಣ ಗ್ರಾಂ ಲೆಕ್ಕದಲ್ಲಿ ಏರುವುದೂ ಉಂಟು.

ಇದೆಲ್ಲ ಬರೆದಿಡಲು ಒಂದು ಪುಸ್ತಕ ಬೇಕು. ವಾರಕ್ಕೊಂದು ಸಾಲು: ಮೇಲಿನ ಮತ್ತು ತಳದ ಉಷ್ಣತೆ, ಮಳೆ, ಗಾಳಿಯ ದಿಕ್ಕು, ಕೋಶಗಳ ಎಣಿಕೆ, ಮಾಂಸದ ಫಲಿತಾಂಶ. ಕೆಲವು ವರ್ಷ ಕಳೆದರೆ ನಿಮ್ಮ ನೀರಿನ ಸ್ವಭಾವ ಅದರಲ್ಲೇ ಕಾಣತೊಡಗುತ್ತದೆ. ಯಾವ ಗಾಳಿ ಬೀಸಿದ ಮೇಲೆ ಎಣಿಕೆ ಏರಿತು ಎಂಬುದು ಬೇರೆಲ್ಲೂ ಸಿಗದ ಮಾಹಿತಿ.

ಇಷ್ಟಾದ ಮೇಲೂ ನಿಮ್ಮ ಪಚ್ಚಿಲೆ ತಿಂದ ಯಾರಿಗಾದರೂ ತುಟಿ, ನಾಲಿಗೆ, ಬೆರಳ ತುದಿ ಜುಮ್ಮೆಂದರೆ ತಡ ಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ಸ್ಯಾಕ್ಸಿಟಾಕ್ಸಿನ್‌ಗೆ ಪ್ರತ್ಯೌಷಧ ಇಲ್ಲ. ಉಸಿರಾಟ ನಿಲ್ಲದಂತೆ ವೈದ್ಯರು ಯಂತ್ರದ ಆಸರೆ ಕೊಡಬಲ್ಲರು, ಆ ಆಸರೆ ಹೊತ್ತಿಗೆ ಸರಿಯಾಗಿ ಸಿಗಬೇಕು ಅಷ್ಟೆ. ತಿಂದು ಉಳಿದ ಪಚ್ಚಿಲೆಯನ್ನು ಎಸೆಯದೆ ಕಟ್ಟಿ ಫ್ರಿಜ್‌ನಲ್ಲಿಡಿ, ಪರೀಕ್ಷೆಗೆ ಅದೇ ಬೇಕಾಗುತ್ತದೆ. ಆ ದಿನ ಎಲ್ಲೆಲ್ಲಿಗೆ ಮಾಲು ಕಳಿಸಿದ್ದಿರೋ ಅಲ್ಲೆಲ್ಲ ಆಗಲೇ ಫೋನ್ ಮಾಡಿ ಮಾರಾಟ ನಿಲ್ಲಿಸಿ.