ಇಪ್ಪತ್ತು ರೂಪಾಯಿ ಪುಸ್ತಕ, ನಾಲ್ಕು ತಿಂಗಳ ಮಳೆ

ನಮ್ಮ ದೇವಸ್ಥಾನದ ಟ್ರಸ್ಟು ಪುಸ್ತಕ ಮಾಡುತ್ತದೆ ಎಂದರೆ ನೆಂಟರು ಈಗಲೂ ನಗುತ್ತಾರೆ. ಮಡಿಕೇರಿಯಿಂದ ಒಂದು ಗಂಟೆ ದಾರಿಯ ಊರು. ಪ್ರೆಸ್ಸಿಲ್ಲ, ಪುಸ್ತಕದಂಗಡಿ ಇಲ್ಲ. ಸಂಕಷ್ಟಿಗೆ ಬರುವವರು ಮೊಬೈಲಿನಲ್ಲಿ ಸ್ತೋತ್ರ ಹುಡುಕುತ್ತಾ, ಸಿಗ್ನಲ್ ಸಿಗದೆ ಒದ್ದಾಡುತ್ತಿದ್ದರು. ಅವರ ಕೈಗೊಂದು ಚಿಕ್ಕ ಪುಸ್ತಕ ಕೊಡೋಣ ಅಂತ ಶುರುವಾಗಿದ್ದು. ಪ್ರತಿ ಶ್ಲೋಕದ ಕೆಳಗೆ ಸುಲಭ ಕನ್ನಡದಲ್ಲಿ ಅರ್ಥ. 64 ಪುಟ, ಅಂದರೆ ಹದಿನಾರು ಪುಟಕ್ಕೊಂದರಂತೆ ಅಚ್ಚಿನವರ ಲೆಕ್ಕದಲ್ಲಿ ನಾಲ್ಕು ಫಾರ್ಮು, ನಡುವೆ ಪಿನ್ನು.

ಮೊದಲ ಜಗಳ ಬೆಲೆಯದ್ದು. ಸಮಿತಿಯ ಹಿರಿಯರೊಬ್ಬರು ನನಗೆ ಮಾವನಾಗಬೇಕು. "ದೇವರ ಪುಸ್ತಕ ಮಾರ್ತೀಯೇನೋ? ಸುಮ್ನೆ ಹಂಚು" ಎಂದರು. ಹಂಚಿದೆವು. ಮಾರನೇ ದಿನ ಕಟ್ಟೆಯ ಮೇಲೆ, ಚಪ್ಪಲಿ ಬಿಡುವ ಜಾಗದಲ್ಲಿ, ಎಲ್ಲೆಂದರಲ್ಲಿ ಪುಸ್ತಕ. ಯಾರೋ ಎರಡು ಹಾಳೆ ಹರಿದು ಪಂಚಕಜ್ಜಾಯ ಕಟ್ಟಿಕೊಂಡು ಹೋಗಿದ್ದರು.

ಆಗ ನಾನು ಕಡಿಮೆ ಬೆಲೆಗೆ ಧಾರ್ಮಿಕ ಪುಸ್ತಕ ಮಾಡುವ ಗೀತಾ ಪ್ರೆಸ್ಸಿನ ಮಾತು ತೆಗೆದೆ. 1923ರಲ್ಲಿ ಉತ್ತರ ಪ್ರದೇಶದ ಗೋರಖಪುರದಲ್ಲಿ ಜಯದಯಾಳ್ ಗೋಯಂದ್ಕಾ ಮತ್ತಿತರರು ಕಟ್ಟಿದ್ದು. ಲಾಭ ಅವರ ಗುರಿಯಲ್ಲ, ಆದರೂ ಪುಸ್ತಕಕ್ಕೆ ಬೆಲೆ ಇದ್ದೇ ಇರುತ್ತದೆ. ಅವರ 'ಕಲ್ಯಾಣ' ಪತ್ರಿಕೆಯಲ್ಲಿ ಜಾಹೀರಾತು ಹಾಕುವುದಿಲ್ಲ. 2021ನೇ ಸಾಲಿನ ಗಾಂಧಿ ಶಾಂತಿ ಪ್ರಶಸ್ತಿ ಬಂದಾಗ ಗೌರವ ಒಪ್ಪಿಕೊಂಡು, ಒಂದು ಕೋಟಿ ರೂಪಾಯಿ ಬೇಡ ಎಂದರು. ಅಷ್ಟು ದೂರ ಯಾಕೆ, ಪೊನ್ನಂಪೇಟೆಯ ರಾಮಕೃಷ್ಣ ಶಾರದಾಶ್ರಮದಲ್ಲಿ ಹುಡುಗನಾಗಿದ್ದಾಗ ಚಿಲ್ಲರೆ ಕೂಡಿಸಿ ಕೊಂಡ ವಿವೇಕಾನಂದರ ಪುಟ್ಟ ಪುಸ್ತಕ ಇನ್ನೂ ನನ್ನ ಹತ್ತಿರ ಇದೆ. ಪುಕ್ಕಟೆ ಸಿಕ್ಕಿದ್ದರೆ ಇರುತ್ತಿತ್ತಾ?

ಮಾವ ಮಾತಾಡಲಿಲ್ಲ. ಅದನ್ನೇ ಒಪ್ಪಿಗೆ ಅಂತ ಬರೆದುಕೊಂಡೆವು. ಒಂದು ಪ್ರತಿಗೆ ನಮಗೆ ಬಿದ್ದ ಖರ್ಚು 17 ರೂಪಾಯಿ, ಬೆಲೆ 20. ಆ ಮೂರು ರೂಪಾಯಿ ಹಾಳಾದ ಪ್ರತಿಗಳಿಗೆ, ಅಂಚೆಗೆ. ಲೆಕ್ಕದ ಪುಸ್ತಕ ಹುಂಡಿಯದ್ದಲ್ಲ, ಬೇರೆಯದೇ.

ಅಕ್ಷರದ ಪಾಡು ಬೇರೆ. 'ನುಡಿ' ಎಂಬ ಕನ್ನಡ ತಂತ್ರಾಂಶದಲ್ಲಿ ಟೈಪಾದದ್ದನ್ನು ಈಗ ಎಲ್ಲ ಕಡೆ ಬಳಸುವ ಯೂನಿಕೋಡ್ ಅಕ್ಷರಕ್ಕೆ ಬದಲಿಸಿದಾಗ ಅಲ್ಲಲ್ಲಿ ಒತ್ತು ಹಾರಿಹೋಗಿತ್ತು, ಅರ್ಕಾವತ್ತು ಜಾಗ ಬಿಟ್ಟು ಕೂತಿತ್ತು. ಕರಡು ತಿದ್ದಲು ಅರ್ಚಕರಿಗೆ ಕೊಟ್ಟೆವು. ತಪ್ಪು ಮಾಡಿದ್ದು ಅಲ್ಲೇ. ಅವರಿಗೆ ಎಲ್ಲ ಬಾಯಿಪಾಠ. ಕಾಗದದಲ್ಲಿ ಏನೇ ಇರಲಿ, ಸರಿಯಾಗಿಯೇ ಓದಿಬಿಟ್ಟರು! ಎರಡನೇ ಸಲ ಹತ್ತನೇ ಕ್ಲಾಸಿನ ಹುಡುಗಿಯೊಬ್ಬಳ ಕೈಲಿ ಗಟ್ಟಿಯಾಗಿ ಓದಿಸಿದೆವು. ಅವಳು ತಡವರಿಸಿದ ಕಡೆಯೆಲ್ಲ ನಿಂತು ನೋಡಿದರೆ ಒಂಬತ್ತು ತಪ್ಪು.

ಎರಡನೇ ಪುಸ್ತಕಕ್ಕೆ ಊರಿನ ಅಜ್ಜಿಯರ ದೇವರ ಹಾಡು ಆರಿಸಿಕೊಂಡೆ. "ಇದು ಶಾಸ್ತ್ರವಾ?" ಅಂತ ಮತ್ತೆ ಮಾವ. ನಾನು ಹೇಳಿದೆ: ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನ ಕ್ರೈಸ್ತ ಪಾದ್ರಿಗಳ ಪ್ರೆಸ್ಸು ಶುರುವಾಗಿದ್ದು 1841ರಲ್ಲಿ, ತಮ್ಮ ಧರ್ಮದ ಪುಸ್ತಕಕ್ಕೇ. ಆದರೆ 1894ರಲ್ಲಿ ಕಿಟ್ಟೆಲರ ಕನ್ನಡ ನಿಘಂಟು ಅಚ್ಚಾಗಿದ್ದೂ ಅಲ್ಲೇ. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ತಂದ ಅದೇ ಮಿಷನ್ನಿನ ಮೋಗ್ಲಿಂಗ್ ಆಮೇಲೆ ನಮ್ಮ ಕೊಡಗಿಗೇ ಬಂದು ಕೆಲವು ವರ್ಷ ಇದ್ದರು. ಅವರ ಉದ್ದೇಶ ನಮಗೆ ಒಪ್ಪಿಗೆಯಾಗಬೇಕಿಲ್ಲ. ನಿಘಂಟು ಮಾತ್ರ ಎಲ್ಲರ ಮನೆ ಸೇರಿತು, ಅಲ್ವಾ? ಇಷ್ಟು ಹೇಳಿದ ಮೇಲೆ ಮಾವ ತಮ್ಮ ತಾಯಿ ಹೇಳುತ್ತಿದ್ದ ಎರಡು ಹಾಡು ಬರೆಸಿದರು.

ನಿಜವಾಗಿ ಸೋಲಿಸಿದ್ದು ಮಳೆ. ಅಕ್ಟೋಬರಿನ ಕಾವೇರಿ ಸಂಕ್ರಮಣಕ್ಕೆ ಬೇಕು ಅಂತ ಆಗಸ್ಟಿನಲ್ಲಿ ಸಾವಿರ ಪ್ರತಿ ಅಚ್ಚು ಹಾಕಿಸಿದ್ದೆ. ಕಾಗದ ಆಗಲೇ ತೇವ ಹೀರಿ ರಟ್ಟು ಸುರುಳಿಯಾಗಿತ್ತು. ಉಳಿದದ್ದನ್ನು ದೇವಸ್ಥಾನದ ಕೋಣೆಯಲ್ಲಿ ಗೋಡೆಗೆ ಒರಗಿಸಿಟ್ಟೆವು. ಮುಂದಿನ ಜುಲೈನಲ್ಲಿ ತೆಗೆದರೆ ಬೆಳ್ಳಗೆ ಬೂಷ್ಟು, ಮುನ್ನೂರು ಪ್ರತಿ ಇಟ್ಟಿಗೆ ಥರ ಅಂಟಿಕೊಂಡಿದ್ದವು.

ಈಗ ನವೆಂಬರ್-ಡಿಸೆಂಬರಿನಲ್ಲಿ ಬರುವ ನಮ್ಮ ಕೊಡಗಿನ ಸುಗ್ಗಿ ಹಬ್ಬ ಪುತ್ತರಿ ಮುಗಿದ ಮೇಲೇ ಅಚ್ಚು. ಬಿಸಿಲಿರುತ್ತದೆ, ಕಾಫಿ ಕೊಯ್ಲಿನ ದುಡ್ಡೂ ಕೈಯಲ್ಲಿ ಓಡಾಡುತ್ತಿರುತ್ತದೆ. ನಾನೂರಕ್ಕಿಂತ ಜಾಸ್ತಿ ಹಾಕಿಸುವುದಿಲ್ಲ. ಮೇ ಹೊತ್ತಿಗೆ ಉಳಿದವು ನಮ್ಮ ಮನೆಯ ಸೌದೆ ಒಲೆಯ ಮೇಲಿನ ಅಟ್ಟಕ್ಕೆ ಹೋಗುತ್ತವೆ, ಒಣಮೆಣಸಿನ ಚೀಲದ ಪಕ್ಕ. ಹೋದ ವರ್ಷ ಬೆಂಗಳೂರಿನಿಂದ ಒಬ್ಬರು ಫೋನ್ ಮಾಡಿ, "ಪುಸ್ತಕ ಹೊಗೆ ವಾಸನೆ ಹೊಡೀತಿದೆ, ಹೋಮದ್ದಾ?" ಎಂದು ಕೇಳಿದರು. ಹೌದು ಅಂದುಬಿಟ್ಟೆ.