ಕ್ರಿಯಾ ಸಂಶೋಧನೆ: ಪ್ರಶ್ನಾವಳಿಗೆ ಮೊದಲು ಪ್ರಶ್ನೆ

ಬಿ.ಎಡ್. ಓದುತ್ತಿರುವವರಾಗಲಿ, ಸೇವೆಯಲ್ಲಿರುವ ಶಿಕ್ಷಕರಾಗಲಿ, ಕ್ರಿಯಾ ಸಂಶೋಧನೆಯ, ಅಂದರೆ ತಮ್ಮ ತರಗತಿಯ ಸಮಸ್ಯೆಯೊಂದನ್ನು ತಾವೇ ಅಧ್ಯಯನ ಮಾಡಿ ಬಗೆಹರಿಸಿಕೊಳ್ಳುವ ಕೆಲಸದ, ವರದಿ ಒಪ್ಪಿಸಬೇಕಾಗಿ ಬಂದಾಗ ಮೊದಲು ಹುಡುಕುವುದು ಹಳೆಯ ವರದಿಯೊಂದರ ಪ್ರಶ್ನಾವಳಿಯನ್ನು. ಶಾಲೆಯ ಹೆಸರನ್ನೂ ವಿದ್ಯಾರ್ಥಿಗಳ ಸಂಖ್ಯೆಯನ್ನೂ ಬದಲಿಸಿದರೆ ಅರ್ಧ ಕೆಲಸ ಮುಗಿಯಿತೆಂಬ ಸಮಾಧಾನ. ನನ್ನ ಮೊದಲ ವರದಿಯೂ ಹೀಗೆಯೇ ಹುಟ್ಟಿತು. ಹತ್ತು ಪ್ರಶ್ನೆಗಳಿಗೂ ಮಕ್ಕಳೆಲ್ಲ ‘ಹೌದು’ ಎಂದೇ ಗುರುತು ಹಾಕಿಕೊಟ್ಟರು. ಟೀಚರ್ ಕೇಳಿದರೆ ಮಕ್ಕಳು ಹೌದೆನ್ನುತ್ತಾರೆ ಎಂಬುದರ ಹೊರತು ಬೇರೇನೂ ಅದರಿಂದ ನನಗೆ ತಿಳಿಯಲಿಲ್ಲ.

ಈ ತೊಡಕಿನ ಮೂಲದಲ್ಲಿರುವುದು ಎರಡು ಪದಗಳ ಗೊಂದಲ. ಪರೀಕ್ಷೆ, ಸಂದರ್ಶನ, ಅವಲೋಕನ, ಪ್ರಶ್ನಾವಳಿ ಇವು ಸಂಶೋಧನೆಯ ವಿಧಾನಗಳು. ಮಾಹಿತಿಯನ್ನು ಹೇಗೆ ಪಡೆದಿರಿ ಎಂಬ ಪ್ರಶ್ನೆಗೆ ಇವು ಉತ್ತರ. ಇದೇ ವಿಧಾನವನ್ನು ಏಕೆ ಆರಿಸಿದಿರಿ, ಅದು ಕೊಟ್ಟ ಮಾಹಿತಿಯನ್ನು ಎಷ್ಟರ ಮಟ್ಟಿಗೆ ನಂಬಬಹುದು, ಅದರಿಂದ ಯಾವ ತೀರ್ಮಾನಕ್ಕೆ ಬರಬಹುದು, ಯಾವುದಕ್ಕೆ ಬರಬಾರದು ಎಂಬ ವಿಚಾರವೇ ವಿಧಾನಶಾಸ್ತ್ರ. ಅನೇಕ ವರದಿಗಳಲ್ಲಿ ವಿಧಾನಶಾಸ್ತ್ರವೆಂಬ ಶೀರ್ಷಿಕೆಯ ಕೆಳಗೆ ವಿಧಾನಗಳ ಪಟ್ಟಿ ಮಾತ್ರ ಇರುತ್ತದೆ.

ಕ್ರಿಯಾ ಸಂಶೋಧನೆಯೆಂಬ ಹೆಸರನ್ನು ಬಳಕೆಗೆ ತಂದವರಲ್ಲಿ ಪ್ರಮುಖನಾದ ಮನೋವಿಜ್ಞಾನಿ ಕರ್ಟ್ ಲೆವಿನ್ 1946ರ ತನ್ನ ಲೇಖನದಲ್ಲಿ ಯೋಜನೆ, ಕ್ರಿಯೆ, ಫಲಿತಾಂಶದ ಪರಿಶೀಲನೆ ಇವು ಸುರುಳಿಯಂತೆ ಮುಂದುವರಿಯುವುದನ್ನು ವಿವರಿಸಿದ. ಶಿಕ್ಷಣತಜ್ಞ ಸ್ಟೀಫನ್ ಕೋರಿ 1953ರ ಹೊತ್ತಿಗೆ ಅದನ್ನು ಅಮೆರಿಕದ ಶಾಲೆಗಳಿಗೆ ಅನ್ವಯಿಸಿ ತೋರಿಸಿದ. ತರಗತಿಯ ಸಮಸ್ಯೆಯನ್ನು ಆ ತರಗತಿಯ ಶಿಕ್ಷಕರೇ ಅಧ್ಯಯನ ಮಾಡಿ, ಪಾಠದ ಕ್ರಮವನ್ನು ಅವರೇ ತಿದ್ದಿಕೊಳ್ಳುವುದು ಇದರ ತಿರುಳು. ಎಲ್ಲ ಶಾಲೆಗಳಿಗೂ ಸಲ್ಲುವ ಸೂತ್ರವನ್ನು ಕಂಡುಹಿಡಿಯುವ ಹೊಣೆ ಇಲ್ಲಿಲ್ಲ. ಆದ್ದರಿಂದ ‘ಮಾದರಿಯ ಆಯ್ಕೆ’ ಎಂದು ಎರಡು ಪುಟ ಬರೆಯುವ ಅಗತ್ಯವೂ ಇಲ್ಲ, ನಿಮ್ಮ ತರಗತಿಯೇ ನಿಮ್ಮ ಮಾದರಿ.

ಸಮಸ್ಯೆಯನ್ನು ಗುರುತಿಸುವುದು ಮೊದಲ ಹೆಜ್ಜೆ. ‘ಮಕ್ಕಳು ಗಣಿತದಲ್ಲಿ ಹಿಂದುಳಿದಿದ್ದಾರೆ’ ಎಂಬುದು ದೂರು, ಸಂಶೋಧನೆಯ ಸಮಸ್ಯೆಯಲ್ಲ. ಉದಾಹರಣೆಗೆ ಮುಂಬಯಿ ಮಹಾನಗರ ಪಾಲಿಕೆಯ ಕನ್ನಡ ಮಾಧ್ಯಮದ ಮೂರನೆಯ ತರಗತಿಯೊಂದನ್ನು ಕಲ್ಪಿಸಿಕೊಳ್ಳೋಣ. ಹದಿನೆಂಟು ಮಕ್ಕಳು. ಸಂಖ್ಯೆಗಳ ಉಕ್ತಲೇಖನ ಕೊಟ್ಟಾಗ ಕೆಲವರು 45ಕ್ಕೆ 54 ಎಂದೂ 36ಕ್ಕೆ 63 ಎಂದೂ ಬರೆಯುತ್ತಾರೆ. ಸ್ಥಾನಬೆಲೆ ತಿಳಿದಿಲ್ಲವೆಂದು ಶಿಕ್ಷಕಿ ಕಡ್ಡಿಗಳ ಕಟ್ಟು ತಂದು ಬಿಡಿ, ಹತ್ತುಗಳನ್ನು ಮತ್ತೊಮ್ಮೆ ಕಲಿಸಬಹುದು. ಆದರೆ ಕಾರಣ ಅದೇ ಎಂದು ಹೇಗೆ ಗೊತ್ತು? ಮನೆಯಲ್ಲಿ ಕನ್ನಡವನ್ನೋ ತುಳುವನ್ನೋ ಆಡುವ ಈ ಮಕ್ಕಳು ಅಂಗಡಿಯಲ್ಲಿ, ರಸ್ತೆಯಲ್ಲಿ ಸಂಖ್ಯೆಗಳನ್ನು ಕೇಳುವುದು ಮರಾಠಿ, ಹಿಂದಿಗಳಲ್ಲಿ. ಕನ್ನಡದ ನಲವತ್ತೈದರಲ್ಲಿ ಹತ್ತು ಮೊದಲು ಬರುತ್ತದೆ, ಮರಾಠಿಯ ‘ಪಂಚೇಚಾಳೀಸ್’ನಲ್ಲಿ ಬಿಡಿ ಮೊದಲು. ಇದು ಮರಾಠಿ ಮಕ್ಕಳಿಗೂ ಸುಲಭವಲ್ಲ. 2019ರಲ್ಲಿ ಮಹಾರಾಷ್ಟ್ರದ ಪಠ್ಯಪುಸ್ತಕ ಸಂಸ್ಥೆಯಾದ ಪುಣೆಯ ಬಾಲಭಾರತಿಯ ಎರಡನೆಯ ತರಗತಿಯ ಗಣಿತ ಪುಸ್ತಕವು ಇಪ್ಪತ್ತೊಂದನ್ನು ‘ವೀಸ್ ಏಕ್’ ಎಂದು ಹತ್ತನ್ನು ಮೊದಲಿಟ್ಟು ಹೇಳುವ ಕ್ರಮವನ್ನು ಸೂಚಿಸಿದಾಗ ರಾಜ್ಯದಲ್ಲಿ ದೊಡ್ಡ ವಾದವೇ ಎದ್ದಿತ್ತು.

ಈಗ ಪ್ರಶ್ನೆ ಸ್ಪಷ್ಟವಾಯಿತು: ಅಂಕಿಗಳು ತಿರುವುಮುರುವಾಗುವುದು ಸ್ಥಾನಬೆಲೆ ತಿಳಿಯದ್ದರಿಂದಲೋ, ಕೇಳಿದ ಭಾಷೆಯಿಂದಲೋ? ವಿಧಾನವನ್ನು ಆರಿಸುವ ಹೊತ್ತು ಇದು, ಇದಕ್ಕಿಂತ ಮೊದಲಲ್ಲ. ಈ ಪ್ರಶ್ನೆಗೆ ಪ್ರಶ್ನಾವಳಿಯಿಂದ ಏನೂ ಪ್ರಯೋಜನವಿಲ್ಲ, ಏಕೆಂದರೆ ತಾನೇಕೆ ತಪ್ಪುತ್ತಿದ್ದೇನೆಂದು ಎಂಟು ವರ್ಷದ ಮಗು ಹಾಳೆಯ ಮೇಲೆ ಬರೆದು ತಿಳಿಸಲಾರದು. ಬದಲಿಗೆ ಅವೇ ಇಪ್ಪತ್ತು ಸಂಖ್ಯೆಗಳನ್ನು ಒಂದು ದಿನ ಕನ್ನಡದಲ್ಲೂ ಎರಡು ದಿನಗಳ ನಂತರ ಕ್ರಮ ಬದಲಿಸಿ ಮರಾಠಿಯಲ್ಲೂ ಹೇಳಿ ಬರೆಸಬೇಕು. ಎರಡರಲ್ಲೂ ತಿರುವುಮುರುವಾದರೆ ಸಂಶಯ ಸ್ಥಾನಬೆಲೆಯ ಮೇಲೆ. ಮರಾಠಿಯಲ್ಲಿ ಮಾತ್ರವಾದರೆ ಭಾಷೆಯ ಮೇಲೆ. ಸಂಖ್ಯೆಗಳ ಆಯ್ಕೆಯಲ್ಲಿಯೂ ಎಚ್ಚರ ಬೇಕು: 33, 44, 55ರಂಥವುಗಳಲ್ಲಿ ಅಂಕಿ ತಿರುಗಿದರೂ ತಪ್ಪು ಕಾಣುವುದಿಲ್ಲವಾದ್ದರಿಂದ ಅವನ್ನು ಬಿಡಬೇಕು. 29, 39ರಂಥವು ಮತ್ತೊಂದು ಜಾತಿ. ಮೂವತ್ತಕ್ಕೆ ಒಂದು ಕಡಿಮೆ ಎಂಬ ಅರ್ಥದ ‘ಏಕೋಣತೀಸ್’ನಲ್ಲಿ ಮಗುವಿಗೆ ‘ಏಕ್’ ಮತ್ತು ‘ತೀಸ್’ ಕೇಳಿಸಿ 31 ಎಂದು ಬರೆಯುವ ಸಾಧ್ಯತೆಯಿದೆ. ಇಂಥ ತಪ್ಪುಗಳಿಗೆ ಬೇರೆ ಕಲಮು ಮಾಡಬೇಕು.

ಪರೀಕ್ಷೆಯ ಜೊತೆಗೆ ತಪ್ಪಿದ ಮಕ್ಕಳೊಡನೆ ಐದೈದು ನಿಮಿಷದ ಮಾತುಕತೆ ನಡೆಸಬೇಕು. ಕಲಬುರಗಿಯ ಕಡೆಯಿಂದ ಬಂದ ಕುಟುಂಬದ ಹುಡುಗನೊಬ್ಬ ‘ಪಂಚೇ ಮೊದಲ ಕೇಳಸ್ತದ್ರಿ ಟೀಚರ್, ಅದಕ್ಕ ಐದು ಮೊದಲ ಬರ್ದೀನ್ರಿ’ ಎಂದರೆ, ಆ ಮಾತನ್ನು ತಿದ್ದದೆ ಹಾಗೆಯೇ ಬರೆದುಕೊಳ್ಳಿ. ಅಂಕಪಟ್ಟಿ ಹೇಳದ ಕಾರಣ ಅದರಲ್ಲಿದೆ. ಬರೆಯುವಾಗ ಮಗು ಯಾವ ಅಂಕಿಯನ್ನು ಮೊದಲು ಬರೆಯಿತು, ಎಡಕ್ಕೆ ಜಾಗ ಬಿಟ್ಟಿತೇ ಎಂಬುದನ್ನು ಸಹೋದ್ಯೋಗಿಯೊಬ್ಬರು ಪಕ್ಕದಲ್ಲಿ ಕುಳಿತು ಗಮನಿಸಿದರೆ ಇನ್ನೂ ಒಳ್ಳೆಯದು. ಪರೀಕ್ಷೆ, ಮಾತುಕತೆ, ಅವಲೋಕನ ಮೂರೂ ಒಂದೇ ಕಡೆಗೆ ಬೊಟ್ಟು ಮಾಡಿದಾಗ ನಿಮ್ಮ ನಿರ್ಣಯಕ್ಕೆ ಬಲ ಬರುತ್ತದೆ. ಒಂದಕ್ಕೊಂದು ಹೊಂದದಿದ್ದರೆ ಅದನ್ನು ಮುಚ್ಚಿಡದೆ ವರದಿಯಲ್ಲಿ ಹೇಳಬೇಕು.

ಮುಖ್ಯೋಪಾಧ್ಯಾಯರ ಅನುಮತಿಯನ್ನೂ ಪೋಷಕರ ಒಪ್ಪಿಗೆಯನ್ನೂ ಆರಂಭದಲ್ಲಿಯೇ ಪಡೆಯಬೇಕು, ವರದಿಯಲ್ಲಿ ಮಕ್ಕಳ ಹೆಸರು ಬರಬಾರದು.

ನಂತರ ಕ್ರಿಯಾ ಪ್ರಾಕ್ಕಲ್ಪನೆ, ಅಂದರೆ ಏನು ಮಾಡಿದರೆ ಯಾವುದು ಬದಲಾದೀತು ಎಂಬ ಊಹೆ. ಕಾರಣ ಭಾಷೆಯೆಂದು ಕಂಡರೆ ಅದನ್ನು ಹೀಗೆ ಬರೆಯಬಹುದು: ‘ಮರಾಠಿಯಲ್ಲಿ ಕೇಳಿದ ಸಂಖ್ಯೆಯನ್ನು ಬರೆಯುವ ಮೊದಲು ಕನ್ನಡದಲ್ಲಿ ಗಟ್ಟಿಯಾಗಿ ಹೇಳುವ ಅಭ್ಯಾಸವನ್ನು ನಾಲ್ಕು ವಾರ ಮಾಡಿಸಿದರೆ ಅಂಕಿ ತಿರುವುಮುರುವಾಗುವ ತಪ್ಪು ಕಡಿಮೆಯಾಗುವುದು.’ ಏನು ಮಾಡುತ್ತೀರಿ, ಎಷ್ಟು ಕಾಲ, ಯಾವುದು ಬದಲಾಗಬೇಕು ಎಂಬ ಮೂರೂ ಈ ಒಂದೇ ವಾಕ್ಯದಲ್ಲಿವೆ. ತರಗತಿಯಲ್ಲಿ ದಿನಕ್ಕೆ ಹದಿನೈದು ನಿಮಿಷ ಅಂಗಡಿಯಾಟ ಆಡಿಸಬಹುದು: ಒಬ್ಬಳು ಬೆಲೆಯನ್ನು ‘ಪಂಚೇಚಾಳೀಸ್’ ಎಂದು ಕೂಗುತ್ತಾಳೆ, ಇನ್ನೊಬ್ಬಳು ‘ನಲವತ್ತೈದು’ ಎಂದು ಹೇಳಿ ಹತ್ತರ ನಾಲ್ಕು ನೋಟುಗಳನ್ನು ಎಡಕ್ಕೂ ಒಂದರ ಐದು ನಾಣ್ಯಗಳನ್ನು ಬಲಕ್ಕೂ ಇಟ್ಟು, ಆಮೇಲೆ ಬರೆಯುತ್ತಾಳೆ. ಪ್ರತಿದಿನ ಶಾಲೆ ಬಿಟ್ಟ ಮೇಲೆ ನಾಲ್ಕು ಸಾಲು ಟಿಪ್ಪಣಿ ಬರೆದಿಡಿ. ವಾರದ ಕೊನೆಗೆ ನೆನಪಿನಿಂದ ಬರೆದ ಟಿಪ್ಪಣಿಯಲ್ಲಿ ಎಲ್ಲವೂ ಚೆನ್ನಾಗಿಯೇ ನಡೆದಿರುತ್ತದೆ!

ಫಲಿತಾಂಶವನ್ನು ಅಳೆಯುವಲ್ಲಿ ಪ್ರಾಮಾಣಿಕತೆ ಬೇಕಾಗುವ ಜಾಗವೊಂದಿದೆ. ನಾಲ್ಕು ವಾರದಲ್ಲಿ ಮಕ್ಕಳು ಹೇಗೂ ಒಂದಿಷ್ಟು ಕಲಿಯುತ್ತಾರೆ. ಸುಧಾರಣೆಯೆಲ್ಲ ನಿಮ್ಮ ಆಟದಿಂದಲೇ ಆಯಿತೆನ್ನಲು ಕ್ರಿಯೆಗೆ ಮುನ್ನ ಒಂದು ಪೂರ್ವ ಪರೀಕ್ಷೆ, ಅದರ ನಂತರ ಒಂದು ಉತ್ತರ ಪರೀಕ್ಷೆ ಸಾಲವು. ಮರಾಠಿಯ ಉಕ್ತಲೇಖನವನ್ನು ಕ್ರಿಯೆಗೆ ಮುನ್ನ ವಾರದ ಅಂತರದಲ್ಲಿ ಎರಡು ಬಾರಿ ಕೊಟ್ಟು, ತಪ್ಪುಗಳು ಇದ್ದಷ್ಟೇ ಇವೆಯೆಂದು ಖಚಿತಪಡಿಸಿಕೊಂಡರೆ, ಆಮೇಲಿನ ಇಳಿಕೆಗೆ ಅರ್ಥ ಬರುತ್ತದೆ. ಉತ್ತರ ಪರೀಕ್ಷೆಯಲ್ಲಿ ಬೇರೆ ಸಂಖ್ಯೆಗಳಿರಲಿ, ಮಟ್ಟ ಅದೇ ಇರಲಿ. ಅಭ್ಯಾಸ ನಿಲ್ಲಿಸಿ ಎರಡು ವಾರ ಕಳೆದ ಮೇಲೆ ಇನ್ನೊಮ್ಮೆ ಪರೀಕ್ಷಿಸಿದರೆ ಕಲಿತದ್ದು ಉಳಿದಿದೆಯೇ ಎಂಬುದೂ ತಿಳಿಯುತ್ತದೆ. ಇನ್ನು ಶೇಕಡಾವಾರಿನ ಮೋಹ: ಹದಿನೆಂಟರಲ್ಲಿ ಮೂವರು ತಪ್ಪಿದರೆ ಮೂವರು ತಪ್ಪಿದರೆಂದೇ ಬರೆಯಿರಿ, ಶೇಕಡಾ 16.67 ಎಂಬುದರಿಂದ ಓದುಗರಿಗೆ ಹೆಚ್ಚಿಗೆ ತಿಳಿಯುವುದೇನೂ ಇಲ್ಲ.

ವರದಿಯಲ್ಲಿ ಸಮಸ್ಯೆ, ಕಾರಣದ ಶೋಧ, ವಿಧಾನವನ್ನು ಆರಿಸಿದ ಕಾರಣ, ಕ್ರಿಯೆ, ಫಲಿತಾಂಶ ಇವು ನಡೆದ ಕ್ರಮದಲ್ಲಿಯೇ ಬರಲಿ. ಕೊನೆಯ ಪುಟವನ್ನು ‘ಸಲಹೆಗಳು’ ಎಂಬ ಶೀರ್ಷಿಕೆಯಡಿ ಸರಕಾರಕ್ಕೂ ಪೋಷಕರಿಗೂ ಉಪದೇಶ ಮಾಡಲು ಬಳಸದೆ, ಬಗೆಹರಿಯದೆ ಉಳಿದದ್ದಕ್ಕೆ ಮೀಸಲಿಡಿ. ಅಂಗಡಿಯಾಟದ ನಂತರ 45, 36 ಸರಿಯಾಗಿ, ‘ಏಕೋಣತೀಸ್’ ಮಾತ್ರ ಇನ್ನೂ 31 ಆಗಿಯೇ ಉಳಿದಿದ್ದರೆ, ಎಷ್ಟು ಮಕ್ಕಳಲ್ಲಿ ಹಾಗಾಗಿದೆಯೆಂದು ಅಲ್ಲಿ ನಮೂದಿಸಿ. ಮುಂದಿನ ಸುತ್ತಿನ ಯೋಜನೆ ಆರಂಭವಾಗುವುದು ಆ ಸಾಲಿನಿಂದ.